ಜುಲೈ ತಿಂಗಳಲ್ಲಿ ನೋಡಬೇಕಿದ್ದ ಜಮೀನು

ನಮ್ಮಪ್ಪ ಅರಸೀಕೆರೆ ಕಡೆಯ ತೆಂಗಿನ ರೈತ. ಮೂರು ಬೋರ್‌ವೆಲ್ ಕೊರೆಸಿದವರು, ಎರಡರಲ್ಲಿ ಬರೀ ಧೂಳು ಕಂಡವರು. ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯಲ್ಲಿ ಒಂದು ಜಮೀನು ನೋಡಿದ್ದೇವೆ ಅಂತ ಫೋನ್ ಮಾಡಿದಾಗ ಅವರು ಬೆಲೆ ಕೇಳಲಿಲ್ಲ, ದಾರಿ ಕೇಳಲಿಲ್ಲ. "ಏಪ್ರಿಲ್‌ನಲ್ಲಿ ನೀರು ಇರುತ್ತಾ? ಏಪ್ರಿಲ್‌ನಲ್ಲಿ ಹೋಗಿ ಕಣ್ಣಾರೆ ನೋಡದೆ ಅಡ್ವಾನ್ಸ್ ಕೊಡಬೇಡ" ಅಂದರು.

2022ರ ಏಪ್ರಿಲ್ ಕೊನೆ ವಾರ ಹೋದೆವು. ಹಳೇ ಕಾಫಿ ಗಿಡಗಳ ನಡುವೆ, ಬಂಡೆಯ ಬುಡದಲ್ಲಿ ಒಂದು ಒರತೆ. ನಮ್ಮವರು 15 ಲೀಟರಿನ ಬಕೆಟ್ ಇಟ್ಟು ಫೋನಿನಲ್ಲಿ ಸಮಯ ನೋಡಿದರು. ತುಂಬಲು 7 ನಿಮಿಷ ಬೇಕಾಯಿತು. ಅಂದರೆ ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ, ದಿನಕ್ಕೆ 3,000 ಲೀಟರ್. ಕಡುಬೇಸಿಗೆಯಲ್ಲಿ, ಪಂಪ್ ಇಲ್ಲದೆ. ಅಲ್ಲಿಂದಲೇ ಅಪ್ಪನಿಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ತಗೋ" ಅಂದರು.

ಏಪ್ರಿಲ್‌ನಲ್ಲಿ ನೋಡು ಅನ್ನುವುದಕ್ಕೆ ನನಗೆ ಅಪ್ಪ ಇದ್ದರು. ಜುಲೈನಲ್ಲಿ ನೋಡು ಅನ್ನುವುದಕ್ಕೆ ಯಾರೂ ಇರಲಿಲ್ಲ. ಜಮೀನಿನ ಬೆಲೆ ಬಿಟ್ಟು 22 ಲಕ್ಷದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದ ಮನೆ 33.92 ಲಕ್ಷಕ್ಕೆ ಬಂದು ನಿಂತಿತು. ಹೆಚ್ಚಿನ ದುಡ್ಡೆಲ್ಲ ಹೋಗಿದ್ದು ಆ ನೋಡದ ಜುಲೈಗೆ. ಕರೆಂಟ್ ಲೈನ್ ಇಲ್ಲದ ಜಾಗದಲ್ಲಿ ಮನೆ ಕಟ್ಟಬೇಕು ಅಂತ ಹೊರಟವರು ಈಗ ಬಹಳ ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ನನ್ನ ಲೆಕ್ಕದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಜಮೀನು 2 ಎಕರೆ 10 ಗುಂಟೆ. ಎಕರೆಗೆ 16 ಲಕ್ಷದಂತೆ 36 ಲಕ್ಷ. ಆಗ ಹಳ್ಳಿ ಕಡೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ 5.65%, ನೋಂದಣಿ 1%. ಒಟ್ಟು 2.39 ಲಕ್ಷ ಕಟ್ಟಿದೆವು. ಈಗ ಕೊಳ್ಳುವವರು ಇನ್ನೊಂದು ಪರ್ಸೆಂಟ್ ಸೇರಿಸಿಕೊಳ್ಳಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2% ಆಗಿದೆ. ಒಂದು ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಕೊಂಡಿದ್ದರಿಂದ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಗುರುತಿಸುವ ಸರ್ವೆ ನಕ್ಷೆ, ಆಗಬೇಕಿತ್ತು. ಅಳತೆಗೆ ಸರದಿ ಬರಲು 5 ತಿಂಗಳು ಹಿಡಿಯಿತು. ಅಕ್ಟೋಬರಿನಲ್ಲಿ ರಿಜಿಸ್ಟ್ರೇಷನ್ ಆಯಿತು.

ಕಾಗದದ ವಿಷಯದಲ್ಲಿ ಮಾತ್ರ ನಾವು ಅವಸರ ಮಾಡಲಿಲ್ಲ. ಪಹಣಿ, ಋಣಭಾರ ಪತ್ರ ಎಲ್ಲರೂ ನೋಡುತ್ತಾರೆ. ಮಲೆನಾಡಿನಲ್ಲಿ ಅದರ ಜೊತೆ ಇನ್ನೂ ಮೂರು ನೋಡಬೇಕು. ಜಾಗ ತೋಟಗಳಿಗೆ ಸೊಪ್ಪು ತರಲು ಬಿಟ್ಟ ಸರ್ಕಾರದ ಸೊಪ್ಪಿನ ಬೆಟ್ಟವೋ, ಕಾಡು ಅಂತಲೇ ಪರಿಗಣಿಸುವ ಡೀಮ್ಡ್ ಫಾರೆಸ್ಟ್ ಪಟ್ಟಿಯಲ್ಲಿದೆಯೋ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯೋ, ಹಾಗಿದ್ದರೆ ಅಂಥ ಭೂಮಿಯ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಮೂರನೆಯದು ದಾರಿ. ನಮ್ಮ ಜಮೀನಿಗೆ ಪಕ್ಕದ ತೋಟದ ಅಂಚಿನಲ್ಲೇ ಹೋಗಬೇಕು. ಎಲ್ಲರೂ ಓಡಾಡುತ್ತಾರೆ, ಏನೂ ತೊಂದರೆ ಇಲ್ಲ ಅಂದರು. ಅಷ್ಟಕ್ಕೆ ಬಿಡಲಿಲ್ಲ. ಗ್ರಾಮ ನಕಾಶೆಯಲ್ಲಿ ದಾರಿ ಗುರುತು ಇದೆಯಾ ನೋಡಿ, 12 ಅಡಿ ದಾರಿ ಹಕ್ಕನ್ನು ಕ್ರಯಪತ್ರದಲ್ಲಿ ಬರೆಸಿದೆವು. ಇವತ್ತು ಆ ಒಂದು ಸಾಲಿನ ಮೇಲೆ ನಮ್ಮ ಮನೆ ನಿಂತಿದೆ.

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೊಂಡ ಜಮೀನಿನಲ್ಲಿ ಏನು ಬೇಕಾದರೂ ಕಟ್ಟಬಹುದು ಅಂತಲ್ಲ. ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಗುವಳಿ ಮಾಡುವವರು ತಮ್ಮ ಉಪಯೋಗಕ್ಕೆ ತೋಟದ ಮನೆ ಕಟ್ಟಿಕೊಳ್ಳಬಹುದು. ಹೋಂಸ್ಟೇ ಮಾಡುವುದಾದರೆ ಮಾತು ಬೇರೆ, ಭೂಪರಿವರ್ತನೆ ಬೇಕು. ನಾವು ಇರಲಿಕ್ಕೆ ಕಟ್ಟಿದ್ದು, ಹಾಗಾಗಿ ಪರಿವರ್ತನೆಗೆ ಹೋಗಲಿಲ್ಲ. ಅದರ ಇನ್ನೊಂದು ಮುಖ ಆಮೇಲೆ ಗೊತ್ತಾಯಿತು. ಪರಿವರ್ತನೆ ಇಲ್ಲ, ಹಾಗಾಗಿ ಪಂಚಾಯಿತಿ ಖಾತೆಯ ಫಾರಂ 9 ಇಲ್ಲ, 11ಎ ಇಲ್ಲ. ಹಾಗಾಗಿ ನಮಗೆ ಗೃಹಸಾಲವೂ ಸಿಗಲಿಲ್ಲ. ಉಳಿತಾಯ, ಬೆಂಗಳೂರಿನ ಸೈಟು ಮಾರಿದ ದುಡ್ಡು, ನನ್ನ ಎರಡು ಬಳೆ. ಅಷ್ಟರಲ್ಲೇ ಆಗಬೇಕಿತ್ತು.

ಕರೆಂಟ್ ಬೇಡ ಅಂತ ಹಟ ಹಿಡಿದು ನಾವು ಕಂಬ ಬಿಟ್ಟವರಲ್ಲ. ಲೈನ್ ಎಳೆಸಲು 11 ಕಂಬ, ಜೊತೆಗೆ ಟ್ರಾನ್ಸ್‌ಫಾರ್ಮರ್. ಅಂದಾಜು 4.6 ಲಕ್ಷ. ಬೇರೆಯವರ ತೋಟದ ಮೇಲೆ ತಂತಿ ಹೋಗಬೇಕು, ದಾರಿಯಲ್ಲಿ ಮರ ಕಡಿಯಬೇಕು. ಕಟ್ಟಿದರೂ ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಅದೇ ದುಡ್ಡಿನಲ್ಲಿ ಸೋಲಾರ್ ಹಾಕಿದರೆ ನಮ್ಮ ಕರೆಂಟ್ ನಮ್ಮದೇ ಅಲ್ವಾ ಅನ್ನಿಸಿತು. ಲೆಕ್ಕ ತಪ್ಪಿರಲಿಲ್ಲ. ಆದರೆ ನಾವು ಲೆಕ್ಕ ಹಾಕಿದ್ದು ಫೆಬ್ರವರಿಯ ಬಿಸಿಲಿನಲ್ಲಿ ಕೂತು.

ಕೆಲಸ ಶುರು ಮಾಡೋಣ ಅಂತ 2022ರ ಡಿಸೆಂಬರಿನಲ್ಲಿ ಹೋದರೆ ಊರಲ್ಲಿ ಒಬ್ಬ ಆಳೂ ಇಲ್ಲ. ಕಾಫಿ ಕುಯ್ಲು. ನವೆಂಬರಿನಿಂದ ಅರೇಬಿಕಾ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಗಾರೆ ಕೆಲಸದವರ ಮನೆಯ ಹೆಂಗಸರು, ಮಕ್ಕಳು ಎಲ್ಲ ಕಣದಲ್ಲಿ. ಮಾರ್ಚ್ ಬಂದರೆ ಎಲ್ಲರೂ ಒಟ್ಟಿಗೆ ಮನೆ ಕೆಲಸಕ್ಕೆ ಇಳಿಯುತ್ತಾರೆ, ಮೇಸ್ತ್ರಿಗಳು ಕೈಗೆ ಸಿಗುವುದಿಲ್ಲ. ಜೂನ್ ಬಂದರೆ ಮಳೆ. ಕಾಗದದ ಮೇಲೆ ವರ್ಷಕ್ಕೆ 12 ತಿಂಗಳು, ಇಲ್ಲಿ ಮನೆ ಕಟ್ಟಲು ಸಿಗುವುದು ಮೂರೋ ಮೂರೂವರೆಯೋ ತಿಂಗಳು. ಹಾಗಾಗಿ ಒಂದು ವರ್ಷದ ಮನೆ ಎರಡು ಬೇಸಿಗೆಗೆ ಹೋಯಿತು. ಎರಡು ವರ್ಷ ಹಾಸನದಲ್ಲಿ ಬಾಡಿಗೆ ಕಟ್ಟಿದೆವು. ಅದನ್ನು ನಾನು 33.92ರಲ್ಲಿ ಸೇರಿಸಿಲ್ಲ.

2023ರ ಮಾರ್ಚಿನಲ್ಲಿ ಮೊದಲು ರಸ್ತೆ. ಪಂಚಾಯಿತಿ ರಸ್ತೆಯಿಂದ ಮನೆ ಜಾಗಕ್ಕೆ 340 ಮೀಟರ್. ಜೆಸಿಬಿ 62 ಗಂಟೆ, ಗಂಟೆಗೆ 1,200. ಬೋಲ್ಡರ್ ಮತ್ತು ಜಲ್ಲಿ 22 ಲೋಡು. ಎರಡು ಕಡೆ ಹ್ಯೂಮ್ ಪೈಪ್ ಹಾಕಿ ಮೋರಿ. ಒಟ್ಟು 3.1 ಲಕ್ಷ. ರಸ್ತೆ ಆದ ಮೇಲೂ ಲಾರಿ ಒಳಗೆ ಬರಲಿಲ್ಲ, ತಿರುವು ಸಾಲಲಿಲ್ಲ. ಸಿಮೆಂಟು, ಕಬ್ಬಿಣ, ಹೆಂಚು ಎಲ್ಲವನ್ನೂ ರಸ್ತೆ ಬದಿಗೆ ಇಳಿಸಿ ಪಿಕಪ್‌ಗೆ ಮತ್ತೆ ತುಂಬಬೇಕು. ಒಂದು ಮೂಟೆ ಸಿಮೆಂಟಿಗೆ 35 ರೂಪಾಯಿ ಹೆಚ್ಚು. ಸಣ್ಣ ಮೊತ್ತ ಅನ್ನಿಸುತ್ತದೆ. ಮನೆಗೆ ಬೇಕಾದ ಪ್ರತಿಯೊಂದಕ್ಕೂ ಆ 35 ಅಂಟಿಕೊಂಡಿರುತ್ತದೆ.

ಗೋಡೆಗೆ ಜಂಬಿಟ್ಟಿಗೆ ತರಿಸೋಣ ಅಂದರೆ ಶಿರಾಡಿ ಘಾಟಿ ಹತ್ತಿ ಬರಬೇಕು, ಸಾಗಣೆಯೇ ದುಬಾರಿ. ನಮ್ಮ ಮಣ್ಣಿನಲ್ಲೇ ಒತ್ತಿದ ಇಟ್ಟಿಗೆ ಮಾಡಲು ನಿರ್ಧರಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಬಹಳ ಕೆಲಸ ಮಾಡಿರುವ ಇಟ್ಟಿಗೆ ಇದು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಿಂದ ಎಳೆಯುವ ಮೆಷಿನ್ನಿನಲ್ಲಿ ಒತ್ತುವುದು. ಸುಡುವ ಕೆಲಸ ಇಲ್ಲ. ಮೊದಲು ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಒಂದು ರಾತ್ರಿ ಬಿಟ್ಟೆವು. ಬೆಳಗ್ಗೆ ನೋಡಿದರೆ ಕೆಳಗೆ ಮರಳು ತೆಳ್ಳಗೆ, ಮೇಲೆ ಜೇಡಿ ದಪ್ಪಗೆ. ಹಾಗೇ ಮಾಡಿದರೆ ಬಿರುಕು ಬಿಡುತ್ತದೆ. ಕ್ವಾರಿ ಪುಡಿ ತರಿಸಿ ಬೆರೆಸಿ, 7% ಸಿಮೆಂಟ್ ಹಾಕಿದೆವು. ಬೇಕಾಗಿದ್ದು 5,200 ಇಟ್ಟಿಗೆ.

ಒತ್ತಿದ ಇಟ್ಟಿಗೆಯನ್ನು ಮೂರು ವಾರ ನೆರಳಿನಲ್ಲಿಟ್ಟು ನೀರು ಚಿಮುಕಿಸುತ್ತಾ ಹದ ಮಾಡಬೇಕು. ಮೇ ಎರಡನೇ ವಾರ ಒಂದು ಸಂಜೆ ಗಾಳಿ ಬಂತು. ಟಾರ್ಪಾಲಿನ್ ಹಾರಿ ಮರಕ್ಕೆ ಸಿಕ್ಕಿಕೊಂಡಿತು. ಅರ್ಧ ಗಂಟೆ ಆಲಿಕಲ್ಲು ಮಳೆ. ಹಿಂದಿನ ಎರಡು ದಿನ ಒತ್ತಿದ 900 ಇಟ್ಟಿಗೆ ಅಂಚೆಲ್ಲ ಕರಗಿ, ನೆನೆದ ಬೆಲ್ಲದ ಅಚ್ಚಿನ ಹಾಗೆ ಕೂತಿದ್ದವು. ಕೆಲಸದವನೊಬ್ಬ ಒಂದನ್ನು ಎತ್ತಲು ಹೋದ. ಅವನ ಬೆರಳು ಒಳಗೆ ಹೋಯಿತು. ಅವನು ಏನೂ ಮಾತಾಡದೆ ಅದನ್ನು ಮೆಲ್ಲಗೆ ಅಲ್ಲೇ ಇಟ್ಟ. ಅವತ್ತು ನನಗೆ ಅತ್ತುಬಿಡಬೇಕು ಅನ್ನಿಸಿತ್ತು. ಆ ಮಳೆಗಾಲ ಪಾಯ ಮತ್ತು ಮುಚ್ಚಿಟ್ಟ 4,300 ಇಟ್ಟಿಗೆ ಬಿಟ್ಟು ವಾಪಸ್ ಹಾಸನಕ್ಕೆ ಬಂದೆವು.

ಎರಡನೇ ಬೇಸಿಗೆ ಅನ್ನುವ ಹೊತ್ತಿಗೆ ಆನೆಯ ವಿಷಯ ಬಂತು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಸತ್ತ. ಯಸಳೂರು ನಮಗೆ ಪಕ್ಕದ ಹೋಬಳಿ. ಕುಯ್ಲಿನ ನಡುವೆಯೂ ಹೇಗೋ ಹೊಂದಿಸಿಕೊಂಡಿದ್ದ ನಮ್ಮ ಕೆಲಸದವರು ಆ ವಾರ ಯಾರೂ ಬರಲಿಲ್ಲ. ಬರೀ ಭಯ ಅಲ್ಲ, ಅವರಲ್ಲಿ ಇಬ್ಬರು ಆ ಆನೆಗಾಗಿ ನಿಜವಾಗಿ ಅತ್ತವರು. ಆಮೇಲೆ ಬಂದರೂ ಸಂಜೆ ನಾಲ್ಕೂವರೆಗೆ ಕೆಲಸ ಬಿಟ್ಟು ಹೊರಡುತ್ತಿದ್ದರು. ನಾನು ಒಂದು ದಿನವೂ ಇನ್ನೊಂದರ್ಧ ಗಂಟೆ ಇರಿ ಅನ್ನಲಿಲ್ಲ. ಬೆಳಗ್ಗೆ ಮಂಜು ಕರಗುವವರೆಗೆ ಬರುವಂತಿಲ್ಲ, ಸಂಜೆ ಬೆಳಕಿರುವಾಗಲೇ ಮನೆ ಸೇರಬೇಕು. ದಿನಗೂಲಿ ಪೂರ್ತಿ, ಕೆಲಸ ಆರು ಗಂಟೆ. ಈ ಕಡೆ ಮನೆ ಕಟ್ಟುವವರು ಅದನ್ನು ಲೆಕ್ಕದಲ್ಲಿ ಮೊದಲೇ ಇಟ್ಟುಕೊಳ್ಳಬೇಕು.

ಮನೆಯ ಸುತ್ತ ಬಾಳೆ ಹಾಕಲಿಲ್ಲ. ಅಂಗಳದ ಹಲಸಿನ ಮರ ಉಳಿಸಿಕೊಂಡೆವು, ಆದರೆ ಕಾಯಿ ಬಲಿಯುವ ಮೊದಲೇ ಎಲ್ಲ ಇಳಿಸಿಬಿಡುತ್ತೇವೆ. ಹಣ್ಣಿನ ವಾಸನೆಗೆ ಆನೆ ಎಷ್ಟು ದೂರದಿಂದಲಾದರೂ ಬರುತ್ತದೆ. ಒರತೆಯಿಂದ ಬರುವ ಪೈಪನ್ನು ಎರಡು ಅಡಿ ಆಳದಲ್ಲಿ ಹೂತೆವು. ಮೇಲೆ ಬಿಟ್ಟಿದ್ದ ಹತ್ತು ಅಡಿ ಪೈಪನ್ನು ಮೊದಲ ತಿಂಗಳೇ ತುಳಿದು ಹೋಗಿತ್ತು.

2024ರ ಮೇ ಕೊನೆಗೆ ಮನೆ ಎದ್ದಿತು. 780 ಚದರಡಿ. ಸೈಜು ಕಲ್ಲಿನ ಎರಡೂವರೆ ಅಡಿ ತಳಪಾಯ, ಮಂಗಳೂರು ಹೆಂಚು, ಗೋಡೆಯಿಂದ ಮೂರೂವರೆ ಅಡಿ ಹೊರಗೆ ಚಾಚಿದ ಸೂರು. ಮಣ್ಣಿನ ಗೋಡೆಗೆ ತಲೆಗೆ ಒಳ್ಳೆ ಟೋಪಿ, ಕಾಲಿಗೆ ಒಳ್ಳೆ ಚಪ್ಪಲಿ ಬೇಕು ಅಂತ ನಮ್ಮ ಮೇಸ್ತ್ರಿ ಹೇಳುತ್ತಿದ್ದರು. ಅದನ್ನು ಅವರು ಹಟ ಮಾಡಿ ಮಾಡಿಸಿದರು. ಇವತ್ತಿಗೂ ಒಂದು ಹನಿ ಗೋಡೆಗೆ ಇಳಿದಿಲ್ಲ. ಮನೆಗೆ ಮಾತ್ರ 16.4 ಲಕ್ಷ. ಸಕಲೇಶಪುರ ಪೇಟೆಯಲ್ಲಿ ಕಟ್ಟಿದ್ದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು.

ಸೋಲಾರ್‌ಗೆ 2.7 ಲಕ್ಷ. 540 ವ್ಯಾಟಿನ ಆರು ಪ್ಯಾನೆಲ್, ಒಂದು ಇನ್ವರ್ಟರ್, 150 ಎಎಚ್‌ನ ನಾಲ್ಕು ಟ್ಯೂಬ್ಯುಲರ್ ಬ್ಯಾಟರಿ. ನೆರಳು ತಪ್ಪಿಸಲು ಐದು ಸಿಲ್ವರ್ ಮರ ಕಡಿಸಿದೆವು. ಸಿಲ್ವರ್ ಕಡಿಯಲು ಅನುಮತಿ ಬೇಕಿಲ್ಲ, ಕಾಡುಮರಕ್ಕೆ ಬೇಕು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಸಿಗುತ್ತದೆ ಅಂತ ನಂಬಿದ್ದೆವು. ಅದು ಲೈನಿಗೆ ಜೋಡಿಸಿದ ಸೋಲಾರ್‌ಗೆ. ಲೈನೇ ಇಲ್ಲದ ನಮ್ಮಂಥವರಿಗೆ ಇಲ್ಲ. ಬಿಸಿಲಿದ್ದಾಗ ದಿನಕ್ಕೆ 12 ಯೂನಿಟ್ ಬರುತ್ತಿತ್ತು. ನಮಗೆ ಬೇಕಾಗಿದ್ದು 4. ಫ್ರಿಜ್, ದೀಪ, ಮಿಕ್ಸಿ, ಮಗಳ ಲ್ಯಾಪ್‌ಟಾಪ್. ಮೂರು ಪಟ್ಟು ಇದೆ, ಮಳೆಗಾಲದಲ್ಲಿ ಅರ್ಧ ಬಂದರೂ ಸಾಕು ಅಂದುಕೊಂಡೆವು.

ಜೂನ್‌ನಲ್ಲಿ ಒಕ್ಕಲು ಬಂದೆವು. ಆರಿದ್ರಾ ಮಳೆ ಚೆನ್ನಾಗಿತ್ತು. ಹೊಸ ಮನೆ, ಹೆಂಚಿನ ಮೇಲೆ ಮಳೆ ಶಬ್ದ, ಮಗಳು ಕಿಟಕಿಯಲ್ಲಿ. ಪುನರ್ವಸು ಶುರುವಾಯಿತು. ನಿಲ್ಲಲಿಲ್ಲ. ನಮ್ಮ ಅರಸೀಕೆರೆ ಕಡೆ ವರ್ಷಕ್ಕೆ 28 ಇಂಚು ಮಳೆ ಬಂದರೆ ಹಬ್ಬ. ಇಲ್ಲಿ ನೂರು ಇಂಚು ದಾಟುವುದು ಮಾಮೂಲು, ಅದರಲ್ಲಿ ದೊಡ್ಡ ಪಾಲು ಎರಡು ತಿಂಗಳಲ್ಲಿ. ನಾನೂ ಹಾಸನ ಜಿಲ್ಲೆಯವಳೇ. ಒಂದೇ ಜಿಲ್ಲೆಯಲ್ಲಿ ಆಕಾಶ ಇಷ್ಟು ಬೇರೆ ಇರುತ್ತದೆ ಅಂತ ಓದಿ ಗೊತ್ತಿತ್ತು, ಅದರ ಕೆಳಗೆ ಮಲಗಿ ಗೊತ್ತಿರಲಿಲ್ಲ.

ಜುಲೈ 14ರ ಸಂಜೆ ಇನ್ವರ್ಟರಿನ ಪರದೆಯಲ್ಲಿ ಅವತ್ತು ಬಂದ ಕರೆಂಟ್ 1.1 ಯೂನಿಟ್ ಅಂತ ತೋರಿಸಿತು. ಮಾರನೇ ದಿನ 1.3. ಅದರ ಮಾರನೇ ದಿನ 0.9. ಫ್ರಿಜ್ ಆರಿಸಿದೆವು. ಹಾಲು ಕೆಟ್ಟಿತು. ಒಂದೇ ದೀಪ ಇಟ್ಟುಕೊಂಡೆವು. ಆ ಬ್ಯಾಟರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು. ಅದಕ್ಕಿಂತ ದೊಡ್ಡ ವಿಷಯ, ಖಾಲಿ ಬ್ಯಾಟರಿಯನ್ನು ದಿನಗಟ್ಟಲೆ ಹಾಗೇ ಬಿಡಬಾರದು. ಒಳಗೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಇದೆಲ್ಲ ಆಮೇಲೆ ಓದಿದ್ದು. ಜನರೇಟರ್ ತಂದೆವು, 38,000. ಒಂದು ಲೀಟರ್ ಪೆಟ್ರೋಲಿಗೆ ಎರಡು ಯೂನಿಟ್ ಬಂದರೆ ಹೆಚ್ಚು. ಯೂನಿಟ್ಟಿಗೆ 50 ರೂಪಾಯಿ. ಮಳೆಗಾಲ ಮುಗಿಯುವ ಹೊತ್ತಿಗೆ ನಾಲ್ಕೂ ಬ್ಯಾಟರಿಯ ಶಕ್ತಿ ಹೋಗಿತ್ತು. ಒಂದು ವರ್ಷವೂ ಆಗಿರಲಿಲ್ಲ. 5.12 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ ಮತ್ತೆ 1.35 ಲಕ್ಷ.

ಅದೇ ಜುಲೈ ಕೊನೆ ವಾರ. ಎಡಕುಮೇರಿ ಹತ್ತಿರ ರೈಲು ಹಳಿ ಕೆಳಗಿನ ಮಣ್ಣು ಜಾರಿ ಹಾಸನ–ಮಂಗಳೂರು ರೈಲು ನಿಂತಿತು. ಶಿರಾಡಿ ಘಾಟಿಯಲ್ಲಿ ದೊಡ್ಡತಪ್ಪಲೆ ಹತ್ತಿರ ಗುಡ್ಡ ಜರಿಯಿತು. ವಯನಾಡಿನ ಭೂಕುಸಿತದ ಸುದ್ದಿ ಬಂತು. ನಮ್ಮ ರಸ್ತೆಯ ಕಡಿದಾದ 90 ಮೀಟರ್ ಒಂದೇ ರಾತ್ರಿಯಲ್ಲಿ ಕೊಚ್ಚಿಹೋಯಿತು. ಹ್ಯೂಮ್ ಪೈಪಿನ ಬಾಯಿಗೆ ಮರದ ಕೊಂಬೆ ಸಿಕ್ಕಿ, ನೀರು ರಸ್ತೆಯನ್ನೇ ಹಳ್ಳ ಮಾಡಿಕೊಂಡಿತ್ತು. ಮನೆ ಹಿಂದೆ ಜೆಸಿಬಿಯಲ್ಲಿ ನೆಟ್ಟಗೆ ಕಡಿದಿದ್ದ ಎಂಟು ಅಡಿ ಎತ್ತರದ ಗುಡ್ಡದ ಬದಿ, ಅಂದರೆ ಧರೆ, ಕುಸಿದು ಬಚ್ಚಲ ಗೋಡೆಗೆ ನಾಲ್ಕು ಅಡಿ ದೂರದಲ್ಲಿ ನಿಂತಿತು. ಆ ಧರೆಯ ವಿಷಯದಲ್ಲಿ ತಪ್ಪು ಪೂರ್ತಿ ನಮ್ಮದು. ಅಂಗಳ ಇನ್ನೂ ಸ್ವಲ್ಪ ದೊಡ್ಡದಾಗಲಿ ಅಂತ ನಾನೇ ಹೇಳಿ ಕಡಿಸಿದ್ದು. ಜಾಗ ನೋಡಿ ಮನೆ ಕಟ್ಟಬೇಕಿತ್ತು, ಮನೆಗಾಗಿ ಗುಡ್ಡ ಕಡಿದೆವು. ಆ ರಾತ್ರಿ ಮಗಳನ್ನು ಮುಂದಿನ ಕೋಣೆಯಲ್ಲಿ ಮಲಗಿಸಿಕೊಂಡು ಬೆಳಗಾಗುವವರೆಗೆ ಕೂತಿದ್ದೆವು. ನಾಲ್ಕು ದಿನ ಊರಿನ ಕಡೆ ಹೋಗಲು ದಾರಿ ಇರಲಿಲ್ಲ. ಪಕ್ಕದ ತೋಟದವರು ಎರಡು ಸಲ ತೋಟದೊಳಗೆ ನಡೆದು ಬಂದು ಹಾಲು, ತರಕಾರಿ ಕೊಟ್ಟು ಹೋದರು. ಇಂಬಳ ಹತ್ತಿ ಅವರ ಕಾಲೆಲ್ಲ ರಕ್ತ.

ಮಳೆ ನಿಂತ ಮೇಲೆ ಕಡಿದಾದ ಭಾಗಕ್ಕೆ ಚಕ್ರ ಓಡುವಷ್ಟು ಅಗಲದ ಎರಡು ಕಾಂಕ್ರೀಟ್ ಪಟ್ಟಿ, ಉದ್ದಕ್ಕೂ ಕಲ್ಲಿನ ಚರಂಡಿ, ಮೋರಿ ಮುಂದೆ ಜಾಲರಿ. 2.85 ಲಕ್ಷ. ಮೊದಲನೇದೂ ಸೇರಿ ರಸ್ತೆಗೆ 5.95 ಲಕ್ಷ. ಧರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಕೊಟ್ಟು, ನೀರು ಹೊರಬರಲು ತೂತು ಬಿಟ್ಟ ಕಲ್ಲಿನ ತಡೆಗೋಡೆ. 2.2 ಲಕ್ಷ. ಮೊದಲೇ ಮಾಡಿದ್ದರೆ ಅರ್ಧದಲ್ಲಿ ಆಗುತ್ತಿತ್ತು. ಪಾಯಿಖಾನೆಯ ಇಂಗುಗುಂಡಿಯೂ ಅದೇ ತಿಂಗಳು ಕೈಕೊಟ್ಟಿತ್ತು. ನೆಲವೇ ನೀರು ತುಂಬಿಕೊಂಡು ಕೂತಾಗ ಗುಂಡಿ ಎಲ್ಲಿಗೆ ಇಂಗಿಸುತ್ತದೆ? ಸೆಪ್ಟಿಕ್ ಟ್ಯಾಂಕಿನ ನೀರನ್ನು ನೆಲಕ್ಕಿಂತ ಎತ್ತರದ ಜಲ್ಲಿ ಮಡಿಗೆ ಬಿಟ್ಟು, ಅದರಲ್ಲಿ ಕಾಬಾಳೆ ನೆಟ್ಟೆವು. ಎಲ್ಲ ಸೇರಿ 95,000. ಈಗ ಕೆಂಪು ಹೂ ಬಿಡುತ್ತದೆ, ವಾಸನೆ ಇಲ್ಲ.

ಕರೆಂಟಿಗೆ ಉತ್ತರ ಹೇಳಿದ್ದು ಹಾಲು ತಂದುಕೊಟ್ಟ ಅದೇ ಪಕ್ಕದವರು. ಸೆಪ್ಟೆಂಬರಿನಲ್ಲಿ ಒಂದು ದಿನ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ, "ಆ ಶಬ್ದ ಕೇಳ್ತಾ ಇದೆಯಲ್ಲ, ಅದೇ ನಿಮ್ಮ ಕರೆಂಟು" ಅಂದರು. ಅವರು ಹೇಳಿದ್ದು ಜಮೀನಿನ ಅಂಚಿನ ಹಳ್ಳ. ಮಲೆನಾಡಿನಲ್ಲಿ ಸಾವಿರಾರು ಮನೆಗಳು ಹೀಗೆ ಹಳ್ಳದ ನೀರಿನಿಂದ ಸಣ್ಣ ಟರ್ಬೈನ್ ತಿರುಗಿಸಿ ದೀಪ ಹಚ್ಚಿಕೊಂಡಿವೆ. ನಮಗೆ ಅದು ಹೊಳೆದೇ ಇರಲಿಲ್ಲ. ಒಣನಾಡಿನವರಿಗೆ ನೀರು ಅಂದರೆ ಕುಡಿಯುವುದು, ಗಿಡಕ್ಕೆ ಬಿಡುವುದು. ಬೀಳುವ ನೀರಿನಲ್ಲಿ ಬೆಳಕಿದೆ ಅಂತ ಹೇಗೆ ಹೊಳೆಯಬೇಕು.

ಲೆಕ್ಕ ಬಹಳ ಸುಲಭ. ನೀರು ಎಷ್ಟು ಮೀಟರ್ ಎತ್ತರದಿಂದ ಇಳಿಯುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ ಬರುತ್ತದೆ. ಎರಡನ್ನೂ ಗುಣಿಸಿ ಐದರಿಂದ ಗುಣಿಸಿದರೆ ಅಂದಾಜು ವ್ಯಾಟ್ ಸಿಗುತ್ತದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಮೇಸ್ತ್ರಿಗಳು ಮಟ್ಟ ನೋಡುವ ಹಾಗೆ ಹಂತ ಹಂತವಾಗಿ ಎತ್ತರ ಅಳೆದೆವು. 18 ಮೀಟರ್. ಹಳ್ಳಕ್ಕೆ ಮಣ್ಣಿನ ಮೂಟೆ ಅಡ್ಡ ಇಟ್ಟು, ಒಂದು ಪೈಪಿನಲ್ಲಿ ನೀರು ಹಾಯಿಸಿ 200 ಲೀಟರಿನ ಡ್ರಮ್ ಹಿಡಿದೆವು. 25 ಸೆಕೆಂಡಿನಲ್ಲಿ ತುಂಬಿತು. ಸೆಕೆಂಡಿಗೆ 8 ಲೀಟರ್. 18ನ್ನು 8ರಿಂದ, ಅದನ್ನು 5ರಿಂದ ಗುಣಿಸಿದರೆ 720 ವ್ಯಾಟ್. ಇಷ್ಟೇನಾ ಅನ್ನಿಸಬಹುದು. ಸೋಲಾರ್ 3,240 ವ್ಯಾಟ್, ಆದರೆ ಬಿಸಿಲಿದ್ದಷ್ಟು ಹೊತ್ತು ಮಾತ್ರ. ಹಳ್ಳ ರಾತ್ರಿಯೂ ಓಡುತ್ತದೆ. ಪೈಪಿನ ತಿಕ್ಕಾಟದಲ್ಲಿ ಒಂದಷ್ಟು ಕಳೆದು ನಮಗೆ ಈಗ ಸಿಗುತ್ತಿರುವುದು 620 ವ್ಯಾಟ್. 24 ಗಂಟೆಗೆ ಸುಮಾರು 15 ಯೂನಿಟ್. ಸೋಲಾರ್ ಪೂರ್ತಿ ಮಲಗುವ ಜುಲೈನಲ್ಲೇ ಹಳ್ಳ ಪೂರ್ತಿ ಎದ್ದಿರುತ್ತದೆ.

ಕೆಲಸ ಶುರು ಮಾಡುವ ಮೊದಲು ಹಳ್ಳದ ಕೆಳಗಿನ ಇಬ್ಬರು ಜಮೀನಿನವರ ಮನೆಗೆ ಹೋಗಿ ಮಾತಾಡಿದೆವು. ನೀರು ಎಲ್ಲೂ ಹೋಗುವುದಿಲ್ಲ, ಟರ್ಬೈನ್ ತಿರುಗಿಸಿ ನಮ್ಮ ಗಡಿಯೊಳಗೇ ಮತ್ತೆ ಹಳ್ಳಕ್ಕೆ ಸೇರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವ ಕಾಲಕ್ಕೆ ನಮ್ಮದು ಓಡುವುದೇ ಇಲ್ಲ. ಬಾಯಿಮಾತಿನಲ್ಲಿ ಒಪ್ಪಿದರು. ನೀರಿನ ವಿಷಯ ಹೇಳದೆ ಮಾಡಿ ಜಗಳ ಆದ ಮನೆಗಳನ್ನು ನೋಡಿದ್ದೇನೆ. ಕಾಫಿ ಕುಡಿದು ಹೇಳಿ ಬರುವುದಕ್ಕೆ ಖರ್ಚೇನೂ ಇಲ್ಲ.

130 ಮೀಟರ್ ನಾಲ್ಕು ಇಂಚಿನ ಪೈಪ್ 62,000. ಟರ್ಬೈನ್, ಜನರೇಟರ್, ಕಂಟ್ರೋಲರ್ 1.15 ಲಕ್ಷ. ನೀರು ಹಿಡಿಯುವ ತೊಟ್ಟಿ, ಯಂತ್ರದ ಚಿಕ್ಕ ಮನೆ 48,000. ತಂತಿ 18,000. ಒಟ್ಟು 2.43 ಲಕ್ಷ. 2025ರ ಜೂನ್ 20ಕ್ಕೆ ಮೊದಲ ಸಲ ನೀರು ಬಿಟ್ಟೆವು. ಅದಕ್ಕೂ ಮುಂಚೆ ಏಪ್ರಿಲ್‌ನ ಗುಡುಗು ಮಳೆಯಲ್ಲಿ ಸಿಡಿಲಿಗೆ ಇನ್ವರ್ಟರ್ ಸುಟ್ಟು ಇನ್ನೊಂದು ಪೆಟ್ಟು ಬಿದ್ದಿತ್ತು. ಸೋಲಾರ್ ಹಾಕಿಕೊಟ್ಟವರು ಅರ್ತ್ ಸರಿಯಾಗಿ ಮಾಡಿರಲಿಲ್ಲ, ನಾವೂ ಕೇಳಿರಲಿಲ್ಲ. ರಿಪೇರಿ, ಹೊಸ ಅರ್ತ್ ಗುಂಡಿ, ಸಿಡಿಲು ತಡೆ ಸೇರಿ 46,000. ಬೆಟ್ಟದ ಒಂಟಿ ಮನೆಗೆ ಇದು ಮೊದಲ ದಿನವೇ ಆಗಬೇಕಾದ ಕೆಲಸ.

ಹಳ್ಳದ ಕರೆಂಟಿಗೆ ಮೈಬಗ್ಗಿಸಿ ದುಡಿಯಬೇಕು. ಎಲೆ ಬಂದು ತೊಟ್ಟಿಯ ಜಾಲರಿ ಮುಚ್ಚುತ್ತದೆ. ಮೊದಲ ತಿಂಗಳು ದೀಪ ಮಂಕಾದ ಕೂಡಲೇ ನಮ್ಮವರು ಟಾರ್ಚ್, ಪೊರಕೆ ಹಿಡಿದು ಮಳೆಯಲ್ಲಿ ಹತ್ತುತ್ತಿದ್ದರು. ಕೆಲವು ರಾತ್ರಿ ಎರಡು ಸಲ. ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಜೇಬಿನಲ್ಲಿ. ಆಮೇಲೆ ಪಕ್ಕದವರೇ ಬಂದು ನೋಡಿ, ನೆಟ್ಟಗೆ ನಿಲ್ಲಿಸಿದ್ದ ಜಾಲರಿಯನ್ನು ಜಾರುಬಂಡೆಯ ಹಾಗೆ ಓರೆಯಾಗಿ ಹಾಕಿಸಿದರು. ನೀರು ಕೆಳಗೆ ಸೋರುತ್ತದೆ, ಎಲೆ ಮೇಲೆ ಜಾರಿ ಹೋಗುತ್ತದೆ. ಈಗ ದಿನಕ್ಕೆ ಒಂದು ಸಲ, ಬೆಳಗ್ಗೆ. ಡಿಸೆಂಬರಿನಲ್ಲಿ ನೀರು ಇಳಿಯುತ್ತದೆ, ಟರ್ಬೈನ್ ನಿಲ್ಲಿಸಿ ಗ್ರೀಸ್ ಹಾಕಿ ಮುಚ್ಚಿಡುತ್ತೇವೆ. ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ.

ಪುಸ್ತಕದ ಕೊನೆ ಪುಟದಲ್ಲಿ ಎರಡು ಅಂಕಿ ಇದೆ. ಮನೆಗೆ 16.4 ಲಕ್ಷ. ಮನೆಯ ಹೊರಗಿನದ್ದಕ್ಕೆ, ಅಂದರೆ ರಸ್ತೆ, ಧರೆ, ಕರೆಂಟು, ಪಾಯಿಖಾನೆ, ಒರತೆಯ ತೊಟ್ಟಿ ಮತ್ತು ಪೈಪಿನ 1.1 ಲಕ್ಷ ಎಲ್ಲ ಸೇರಿ 17.52 ಲಕ್ಷ. ಹೊರಗಿನದ್ದಕ್ಕೆ ನಾವು ಮೊದಲು ಎತ್ತಿಟ್ಟಿದ್ದು 6 ಲಕ್ಷ. ಯಾರಾದರೂ ಜಮೀನು ನೋಡಲು ಕರೆದರೆ ನಾನೀಗ ಜುಲೈನಲ್ಲಿ ಹೋಗೋಣ ಅನ್ನುತ್ತೇನೆ. ಪುಷ್ಯ ಮಳೆಯಲ್ಲಿ ಆ ದಾರಿಯಲ್ಲಿ ನಡೆದು ನೋಡಬೇಕು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಅದೇ ತೋರಿಸಿಕೊಡುತ್ತದೆ.

ಕಳೆದ ಜುಲೈನಲ್ಲಿ ಅಪ್ಪ ಬಂದು ಹತ್ತು ದಿನ ಇದ್ದರು. ಬಂದ ದಿನ ಹಳ್ಳದ ಹತ್ತಿರ ಕರೆದುಕೊಂಡು ಹೋದೆ. ಪೈಪಿನ ತುದಿಯಿಂದ ನೀರು ಚಿಮ್ಮಿ ಟರ್ಬೈನಿನ ಬಟ್ಟಲುಗಳಿಗೆ ಹೊಡೆಯುವುದನ್ನು ಬಗ್ಗಿ ನೋಡಿದರು. ಹೊರಗೆ ಬೀಳುವ ನೀರನ್ನು ಬೊಗಸೆಯಲ್ಲಿ ಹಿಡಿದು ಮುಖ ತೊಳೆದುಕೊಂಡರು. ಏನೂ ಹೇಳಲಿಲ್ಲ.

ರಾತ್ರಿ ಊಟ ಆದ ಮೇಲೆ ಜಗಲಿಯ ದೀಪ ಆರಿಸಲು ಎದ್ದರು. "ಬಿಡಿ ಅಪ್ಪ, ಉರೀಲಿ" ಅಂದೆ. ಈ ಯಂತ್ರದಲ್ಲಿ ಬಂದ ಕರೆಂಟನ್ನು ಪೂರ್ತಿ ಬಳಸಲೇಬೇಕು, ಇಲ್ಲದಿದ್ದರೆ ಟರ್ಬೈನ್ ವೇಗ ಹೆಚ್ಚಿ ಕೆಡುತ್ತದೆ, ಹಾಗಾಗಿ ಮನೆಯಲ್ಲಿ ಬಳಸದೆ ಉಳಿದಿದ್ದನ್ನು ಕಂಟ್ರೋಲರ್ ಬಚ್ಚಲ ಡ್ರಮ್ಮಿನ ಹೀಟರಿಗೆ ಕಳಿಸುತ್ತದೆ, ದೀಪ ಆರಿಸಿದರೂ ಉಳಿಯುವುದೇನೂ ಇಲ್ಲ ಅಂತ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಸುಮ್ನೆ ಯಾಕೆ ಉರೀಬೇಕು" ಅಂತ ದೀಪ ಆರಿಸಿದರು. ಬಚ್ಚಲಲ್ಲಿ ಡ್ರಮ್ಮಿನ ನೀರು ಸಣ್ಣಗೆ ಸದ್ದು ಮಾಡುತ್ತಿತ್ತು. ಹೊರಗೆ ಕತ್ತಲಲ್ಲಿ ಹಳ್ಳ ಓಡುತ್ತಿತ್ತು. ಅಪ್ಪ ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದರು.